ಎಲ್ಲಾ ಸೇವೆಗಳು ಚಾಲೂ ಇವೆ

ಅಣವೀರಪ್ಪ ಸಾವಕಾರರ ಇಂಟರ್ನೆಟ್ ಕಂಪನಿಯಲ್ಲಿ ಸುಳ್ಳು ಹೇಳುವುದಕ್ಕೆಂದು ಯಾರನ್ನೂ ನೇಮಿಸಿರಲಿಲ್ಲ. ಆ ಕೆಲಸ ಮೆಲ್ಲಗೆ, ದಿನಕ್ಕಿಷ್ಟರಂತೆ, ಜೈಭೀಮನ ಪಾಲಿಗೆ ಬಂದು ಸೇರಿತು. ಬಂದದ್ದು ಅವನಿಗೇ ಗೊತ್ತಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗೊತ್ತಾಗಿತ್ತು. ಸುಳ್ಳು ಎಂದು ಕರೆಯುವಷ್ಟು ದೊಡ್ಡದಾಗಿ ಕಂಡಿರಲಿಲ್ಲ, ಅಷ್ಟೇ.

ಕಂಪನಿ ಎಂದರೆ ಗಾಜಿನ ಕಟ್ಟಡ ಗಿಟ್ಟಡ ಎಂದೆಲ್ಲ ಎಣಿಸಬಾರದು. ಕಲಬುರಗಿಯ ಶಹಾಬಜಾರದ ಒಂದು ಓಣಿಯಲ್ಲಿ, ಎರಡು ಆಟೋ ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದ ಕಡೆ, ಸಾವಕಾರರ ಹಳೆಯ ಮನೆ. ಮೇಲೆ ಸಂಸಾರ, ಕೆಳಗೆ ಆಫೀಸು. ಮೊದಲು ಕೇಬಲ್ ಟೀವಿ ಇತ್ತು. ಕಾಲ ಬದಲಾದ ಮೇಲೆ ಅದೇ ಕಂಬಗಳ ಮೇಲೆ ಇಂಟರ್ನೆಟ್ಟಿನ ತಂತಿ ಎಳೆದರು. ಇತ್ತ ಕೋಟನೂರಿನ ತನಕ, ಅತ್ತ ಹುಮನಾಬಾದ ರಸ್ತೆ ಹಿಡಿದು ಕಮಲಾಪುರದ ತನಕ, ಎರಡು ಸಾವಿರದ ಹತ್ತಿರ ಮನೆ ಮತ್ತು ಅಂಗಡಿ. ಕನೆಕ್ಷನ್ ತೆಗೆದುಕೊಂಡವರಿಗೆಲ್ಲ ಕಂಪನಿಯ ಹೆಸರಿನಲ್ಲಿ ಒಂದು ಇಮೇಲ್ ವಿಳಾಸ ಪುಕ್ಕಟೆ. ಇದನ್ನೆಲ್ಲ ನಡೆಸುವ ಸರ್ವರು ಆಫೀಸಿನ ಹಿಂದಿನ ಕೋಣೆಯಲ್ಲಿ, ಹಗಲೂ ರಾತ್ರಿ ಗುರುಗುಟ್ಟುವ ಏಸಿಯ ಕೆಳಗೆ. ಅದನ್ನು ನೋಡಿಕೊಳ್ಳುವವನು ಜೈಭೀಮ. ಹನ್ನೊಂದು ವರ್ಷವಾಯಿತು. ಆ ಮನೆಯ ಒಂದೊಂದು ತಂತಿ ಎಲ್ಲಿ ಹೋಗಿ ಎಲ್ಲಿ ಬರುತ್ತದೆ ಎಂಬುದು ಅವನಿಗೆ ಗೊತ್ತು. ಮೇಲಕ್ಕೆ ಹೋಗುವ ಮೆಟ್ಟಿಲು ಮಾತ್ರ ತಿರುವಿನ ತನಕ ಗೊತ್ತು, ಅದರಾಚೆ ಗೊತ್ತಿಲ್ಲ. ಹತ್ತಬೇಡ ಎಂದು ಯಾರೂ ಹೇಳಿರಲಿಲ್ಲ. ಇವನೂ ಕೇಳಿರಲಿಲ್ಲ.

ಏನಾದರೂ ಕೆಟ್ಟಿತೆಂದರೆ ಫೋನಿನ ಮೇಲೆ ಫೋನು. ನೆಟ್ ಇಲ್ಲ, ಟೀವಿ ಇಲ್ಲ, ಮೇಲ್ ಬರವಲ್ದು. ರಿಪೇರಿ ಮಾಡಬೇಕಾದ ಕೈ ಅರ್ಧ ದಿನ ಫೋನನ್ನೇ ಹಿಡಿದಿರಬೇಕು. ಬೇಸತ್ತು ಜೈಭೀಮ ಎರಡು ವರ್ಷದ ಹಿಂದೆ, ದೊಡ್ಡ ಕಂಪನಿಗಳು ಇಟ್ಟುಕೊಂಡಿರುತ್ತವಲ್ಲ, ಅಂಥದೊಂದು ಪುಟವನ್ನು ತಾನೇ ಕೂತು ತಯಾರಿಸಿದ. ಮೊಬೈಲಿನಲ್ಲಿ ತೆರೆದರೆ ಮೂರೇ ಸಾಲು: ಇಂಟರ್ನೆಟ್, ಟೀವಿ, ಇಮೇಲ್. ಸಾಲಿಗೊಂದು ಚುಕ್ಕೆ. ಹಸಿರಿದ್ದರೆ ಚಾಲೂ, ಕೆಂಪಿದ್ದರೆ ಬಂದ್. ಮೂರೂ ಹಸಿರಿದ್ದರೆ ಮೇಲೆ ದಪ್ಪ ಅಕ್ಷರದಲ್ಲಿ, ಎಲ್ಲಾ ಸೇವೆಗಳು ಚಾಲೂ ಇವೆ. ಕೆಳಗೆ ಹಿಂದಿನ ದಿನಗಳ ಪಟ್ಟಿ, ತಾರೀಖಿನ ಸಮೇತ. ಪುಟ ನೋಡಿದರೆ ಸಾಕು, ಫೋನ್ ಮಾಡುವುದು ಬೇಕಿಲ್ಲ. ಕನ್ನಡದಲ್ಲಿ ಇಂಥದು ಈ ಸೀಮೆಗೇ ಮೊದಲನೆಯದು ಎಂದು ಅವನಿಗೆ ಹೆಮ್ಮೆ. ಸಿಕ್ಕವರಿಗೆಲ್ಲ ತೋರಿಸಿದ. ಕಮಲಾಪುರದಲ್ಲಿದ್ದ ತಂಗಿ ರಮಾಬಾಯಿಗಂತೂ ಅವಳ ಮೊಬೈಲಿನಲ್ಲಿ ಆ ಪುಟ ಒಂದೇ ಒತ್ತಿಗೆ ತೆರೆಯುವ ಹಾಗೆ ಮಾಡಿಕೊಟ್ಟು ಬಂದ.

ಮೊದಲ ತಿಂಗಳು ಪುಟ ಖರೇ ಹೇಳಿತು. ಮೂರು ಸಲ ಕೆಂಪಾಯಿತು. ಮೂರನೆಯ ಸಲ, ಪೈಪೋಟಿಯ ಕೇಬಲ್ಲಿನವನೊಬ್ಬ ಕೆಂಪು ಚುಕ್ಕೆಯ ಫೋಟೋ ತೆಗೆದು, ಇವರ ಕನೆಕ್ಷನ್ ಗತಿ ನೋಡ್ರಿ ಎಂದು ಬರೆದು ಊರ ತುಂಬ ಹಂಚಿದ. ಸಾವಕಾರರು ಕೆಳಗಿಳಿದು ಬಂದರು. ಅವರು ಬೈಯುವ ಮನುಷ್ಯರಲ್ಲ, ಕುರ್ಚಿ ಎಳೆದುಕೊಂಡು ಕೂತು ತಿಳಿಸಿ ಹೇಳುವವರು.

“ಮಿಠಾಯಿ ಅಂಗಡಿಯವ ತಾನೇ ನಿಂತು, ಇವತ್ತ ನನ್ನ ಪೇಡೆ ಹಳಸ್ಯಾವ ಅಂತಾನೇನೋ ಜೈಭೀಮಾ? ಕೆಂಪು ಹಾಕೂದಿದ್ರ ನನ್ನ ಕೇಳಿ ಹಾಕು.”

ಮಾತು ಅಷ್ಟೇ. ಇವನು ಕೇಳಿದಾಗಲೆಲ್ಲ ಸಾವಕಾರರು, ತಾಸಿನೊಳಗ ಸರಿ ಆಗ್ತದಲ್ಲ, ಬ್ಯಾಡ ಬಿಡು ಅಂದರು. ನಾಲ್ಕು ಸಲ ಕೇಳಿ, ನಾಲ್ಕು ಸಲವೂ ಅದೇ ಉತ್ತರ ಬಂದ ಮೇಲೆ ಇವನು ಕೇಳುವುದನ್ನೇ ಬಿಟ್ಟ. ಪುಟದ ಮೇಲೆ ದಿನದ ತಾರೀಖು ಹಾಕಬೇಕಲ್ಲ, ಬೆಳಗ್ಗೆ ಎಂಟಕ್ಕೆ, ಮನೆಯಲ್ಲಿ ಚಹಾ ಕುಡಿಯುತ್ತಾ ಮೊಬೈಲಿನಲ್ಲೇ ತಾರೀಖು ಬದಲಿಸಿ ಮೂರೂ ಹಸಿರು ಒತ್ತಿಬಿಡುವುದು ರೂಢಿಯಾಯಿತು. ಶಾಲೆಯಲ್ಲಿ ಹೆಸರು ಕೂಗಿದ ಕೂಡಲೇ ಹುಡುಗರು ಹಾಜರ್ ಅನ್ನುವುದಿಲ್ಲವೇ, ಹಾಗೆ. ಸರ್ವರು ಎದ್ದಿದೆಯೋ ಬಿದ್ದಿದೆಯೋ ನೋಡುವುದು ಆಮೇಲೆ, ಆಫೀಸಿಗೆ ಹೋದ ಮೇಲೆ.

ಸೋಜಿಗವೇನು ಗೊತ್ತೇ? ಫೋನು ಕಡಿಮೆಯಾದವು. ಮೇಲ್ ಬರದಿದ್ದರೆ ಜನ ಪುಟ ನೋಡುತ್ತಿದ್ದರು. ಹಸಿರಿದೆ. ಹಾಗಾದರೆ ದೋಷ ನಮ್ಮದೇ ಇರಬೇಕು ಎಂದುಕೊಂಡು ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡುತ್ತಿದ್ದರು. ಅಷ್ಟರಲ್ಲಿ ಜೈಭೀಮ ಸರ್ವರು ಸರಿ ಮಾಡಿರುತ್ತಿದ್ದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎರಡು ವರ್ಷ ಹೀಗೆಯೇ ನಡೆಯಿತು.

ರಮಾಬಾಯಿ ಇವನಿಗಿಂತ ನಾಲ್ಕು ವರ್ಷ ಚಿಕ್ಕವಳು. ರಕ್ತ ಪರೀಕ್ಷೆ ಮಾಡುವ ಕೋರ್ಸು ಮುಗಿಸಿ, ಕಲಬುರಗಿಯ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಕಮಲಾಪುರದಿಂದ ಬೆಳಗ್ಗೆ ಏಳರ ಬಸ್ಸು, ಸಂಜೆ ಮನೆ ಸೇರುವಾಗ ಎಂಟು. ಮನೆಯಲ್ಲಿ ಅತ್ತೆ ಗುಂಡಮ್ಮನಿಗೆ ಕಣ್ಣು ಮಂಜು, ಮಗಳು ಎಂಟನೇ ಕ್ಲಾಸು. ಆ ವರ್ಷ ಕಮಲಾಪುರದಲ್ಲೇ ಒಂದು ಸಂಸ್ಥೆಯವರು ರಕ್ತ ಪರೀಕ್ಷಾ ಕೇಂದ್ರ ತೆರೆಯುವವರಿದ್ದರು. ಒಬ್ಬರೇ ಟೆಕ್ನೀಷಿಯನ್ ಬೇಕು. ಮನೆಯಿಂದ ನಡೆದುಹೋಗಬಹುದಾದ ದೂರ. ವಯಸ್ಸಿನ ಮಿತಿ ನೋಡಿದರೆ ರಮಾಬಾಯಿಗೆ ಅದೇ ಕೊನೆಯ ವರ್ಷ. ಅರ್ಜಿ ಹಾಕಿದಳು, ಪರೀಕ್ಷೆ ಬರೆದಳು. ಅಣ್ಣನಿಗೆ ಹೇಳಲಿಲ್ಲ. ಹಿಂದೆ ಎರಡು ಸಲ ಹೀಗೆ ಅರ್ಜಿ ಹಾಕಿದ್ದಾಗ ಅವನು ಬೀಗರಿಗೆಲ್ಲ ಮೊದಲೇ ಸಾರಿಕೊಂಡು ಬಂದಿದ್ದ, ಎರಡು ಸಲವೂ ಆಗಲಿಲ್ಲ, ಎದುರಿಗೆ ಬಂದವರೆಲ್ಲ ಏನಾತು ಎಂದು ಕೇಳಿ ಕೇಳಿ ಅವಳ ಜೀವ ಹಿಂಡಿದ್ದರು. ಈ ಸಲ ಆದ ಮೇಲೇ ಹೇಳುವುದು ಎಂದು ತೀರ್ಮಾನಿಸಿದ್ದಳು.

ಸಂಸ್ಥೆಯವರ ಕರಾರು ಸ್ಪಷ್ಟವಿತ್ತು. ಶ್ರಾವಣದ ಎರಡನೇ ಸೋಮವಾರ ಬೆಳಗ್ಗೆ, ಆಯ್ಕೆಯಾದವರಿಗೆ ಮೇಲ್ ಬರುತ್ತದೆ. ಅದೇ ದಿನ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕು. ತಿಳಿಸದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ. ಫೋನು, ಮೆಸೇಜು ಇಲ್ಲ, ಮೇಲ್ ಒಂದೇ. ಅರ್ಜಿಯಲ್ಲಿ ರಮಾಬಾಯಿ ಕೊಟ್ಟದ್ದು ಅಣ್ಣನ ಕಂಪನಿಯ ಮೇಲ್ ವಿಳಾಸ. ಅಣ್ಣನೇ ಮಾಡಿಕೊಟ್ಟದ್ದಿರುವಾಗ ಬೇರೆ ಯಾಕೆ ಬೇಕು?

ಆ ಸೋಮವಾರ ಬೆಳಗ್ಗೆ ಎಂಟಕ್ಕೆ ಜೈಭೀಮ ಚಹಾ ಕುಡಿದ, ತಾರೀಖು ಬದಲಿಸಿದ, ಮೂರೂ ಹಸಿರು ಒತ್ತಿದ. ಎಂಟೂ ಹನ್ನೆರಡಕ್ಕೆ ಮೇಲ್ ಸರ್ವರಿನ ಡಿಸ್ಕು ಸತ್ತಿತು.

ಆಫೀಸಿಗೆ ಬಂದು ನೋಡಿದಾಗಲೇ ಇದು ತಾಸಿನಲ್ಲಿ ಮುಗಿಯುವ ಕೆಲಸವಲ್ಲ ಎಂದು ಅವನಿಗೆ ತಿಳಿಯಿತು. ಹೊಸ ಡಿಸ್ಕು ಹಾಕಬೇಕು, ಹಳೆಯ ಮೇಲುಗಳನ್ನೆಲ್ಲ ಅದಕ್ಕೆ ಎಳೆದುಕೊಳ್ಳಬೇಕು, ಸಂಜೆಯಾಗುತ್ತದೆ. ಇಡೀ ದಿನದ ಮಾತಾದ್ದರಿಂದ ಕೆಂಪು ಹಾಕುವುದೇ ಚಲೋ ಅನ್ನಿಸಿತು. ಆದರೆ ಶ್ರಾವಣ ಸೋಮವಾರ ಸಾವಕಾರರು ಪೂಜೆಗೆ ಕೂತರೆ ಹನ್ನೊಂದರ ತನಕ ಫೋನ್ ಮುಟ್ಟುವುದಿಲ್ಲ. ಜೈಭೀಮ ಮೆಟ್ಟಿಲು ಹತ್ತಿ ತಿರುವಿನ ತನಕ ಹೋದ. ಮೇಲೆ ಗಂಟೆಯ ಸದ್ದು ಕೇಳುತ್ತಿತ್ತು, ವಿಭೂತಿಯ ವಾಸನೆ ಬರುತ್ತಿತ್ತು. ಐದು ನಿಮಿಷ ನಿಂತು ಇಳಿದು ಬಂದ. ಹನ್ನೊಂದರ ಮೇಲೆ ಫೋನಿನಲ್ಲಿ ಸಿಕ್ಕ ಸಾವಕಾರರು, ಅರ್ಧ ದಿನ ಹೋಗೇಬಿಟ್ಟದ, ಇನ್ನ ಯಾಕ ಬಣ್ಣ ಬದಲಸ್ತಿ, ಹಬ್ಬದ ದಿನ ಕೆಂಪು ಬ್ಯಾಡ ಅಂದರು.

ಹಾಗಾಗಿ ಪುಟ ಹಸಿರೇ ಉಳಿಯಿತು. ಸಂಜೆ ಆರೂವರೆಗೆ ಮೇಲ್ ಚಾಲೂ ಆಯಿತು. ಬೆಳಗಿನಿಂದ ದಾರಿಯಲ್ಲಿ ಕಾದು ನಿಂತಿದ್ದ ಮೇಲುಗಳೆಲ್ಲ ಒಂದರ ಹಿಂದೊಂದು ಬಂದು ಬಿದ್ದವು. ಜೈಭೀಮ ಬೆವರು ಒರೆಸಿಕೊಂಡು, ಇಡೀ ದಿನ ಮೇಲ್ ಬಂದ್ ಇದ್ದರೂ ಒಟ್ಟು ಹನ್ನೆರಡೇ ಫೋನು ಬಂದವಲ್ಲ ಎಂದು ಲೆಕ್ಕ ಹಾಕಿ ಸಮಾಧಾನಪಟ್ಟ.

ಏಳು ಗಂಟೆಗೆ ಹದಿಮೂರನೆಯದು ಬಂತು. ರಮಾಬಾಯಿ. ಮೇಲ್ ಬಂದಿತ್ತು, ಆಯ್ಕೆಯಾಗಿದ್ದಳು, ಕಳಿಸಿದ ಹೊತ್ತು ಬೆಳಗ್ಗೆ ಒಂಬತ್ತೂ ಐದು ಎಂದಿತ್ತು. ಉತ್ತರಿಸುವ ಹೊತ್ತು ಮುಗಿದು ಎರಡು ತಾಸಾಗಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಅಣ್ಣಾ, ಇವತ್ತ ನಿಮ್ಮ ಕಡೆ ಏನರ ಆಗಿತ್ತೇನು ಎಂದಷ್ಟೇ ಕೇಳಿದಳು. ಹೌದು, ಇಡೀ ದಿನ ಮೇಲ್ ಬಂದ್ ಇತ್ತು ಎಂದ ಜೈಭೀಮ.

ಮರುದಿನ ಬೆಳಗ್ಗೆ ಆಫೀಸಿಗೆ ರಜೆ ಹಾಕಿ, ಸರ್ವರಿನ ಕಾಗದಗಳನ್ನೆಲ್ಲ ಪ್ರಿಂಟು ತೆಗೆದುಕೊಂಡು, ಆ ಸಂಸ್ಥೆಯ ಕಲಬುರಗಿ ಕಚೇರಿಗೆ ಹೋದ. ನೇಮಕಾತಿ ನೋಡುವವರು ಅಮರನಾಥ ಎನ್ನುವ ಅಧಿಕಾರಿ. ಒಳ್ಳೆಯ ಮನುಷ್ಯ, ಕೂರಲು ಹೇಳಿ, ಮಾತನ್ನು ಕೊನೆಯ ತನಕ ಕೇಳಿದರು. ತಪ್ಪು ಮೇಲ್ ಕಂಪನಿಯದೇ ಎಂದು ಸಾಬೀತಾದರೆ ವಿಚಾರ ಮಾಡಬಹುದು, ಮುಂದಿನವರಿಗೆ ಆದೇಶ ಕೊಡುವುದನ್ನು ಶುಕ್ರವಾರದ ತನಕ ತಡೆಹಿಡಿಯಬಹುದು ಎಂದರು. ಜೈಭೀಮನ ಜೀವದಲ್ಲಿ ಜೀವ ಬಂತು. ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದ. ಅಂಕಿಗಳ ಆ ಗೋಜಲು ತಮಗೆ ತಿಳಿಯುವುದಿಲ್ಲ, ಅದೂ ಅಲ್ಲದೆ ಅದು ನಿಮ್ಮ ಮನೆಯೊಳಗಿನ ಕಾಗದ ಎಂದು ಅಮರನಾಥ ಅದನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ ಪರದೆಯನ್ನು ಇವನ ಕಡೆ ತಿರುಗಿಸಿದರು. ಇವನದೇ ಪುಟ. ಸೋಮವಾರದ ತಾರೀಖು. ಮೂರೂ ಚುಕ್ಕೆ ಹುಲ್ಲಿನಷ್ಟು ಹಸಿರು.

“ನಿಮ್ಮ ಕಂಪನೀನೇ ಊರಿಗೆಲ್ಲಾ ಹೇಳ್ಯಾದಲ್ರೀ, ಸೋಮವಾರ ಮೇಲ್ ಚಾಲೂ ಇತ್ತು ಅಂತ.”

“ಆ ಪುಟ ಬರದಾಂವ ನಾನೇ ಸರ್. ಅದು ಸುಳ್ಳದ ರೀ.”

ಅಮರನಾಥ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅವತ್ತ ಸುಳ್ಳು ಬರದವ್ರು ಇವತ್ತ ಖರೇ ಹೇಳಾಕತ್ತೀರಿ ಅಂತ ನಾ ಹ್ಯಾಂಗ ನಂಬ್ಲಿ? ಆಕಿ ನಿಮ್ಮ ಸ್ವಂತ ತಂಗಿ ಬ್ಯಾರೆ.”

ಅಮರನಾಥರೇ ದಾರಿ ತೋರಿಸಿದರು. ಮಾಲೀಕರ ಸಹಿ, ಸಿಕ್ಕಾ ಇರುವ ಪತ್ರ ತನ್ನಿ. ಇಲ್ಲವೇ, ನಿಮ್ಮವರಲ್ಲದ ಯಾರಾದರೂ ಆ ದಿನ, ಅದೇ ಹೊತ್ತಿನಲ್ಲಿ ಬರೆದಿಟ್ಟದ್ದು ಏನಾದರೂ ಇದ್ದರೆ ತನ್ನಿ. ಎರಡರಲ್ಲಿ ಒಂದು ಸಾಕು.

ಸಾವಕಾರರು ಪತ್ರ ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಪಾಪ, ಹೆಣ್ಣುಮಗಳದು ಹಿಂಗಾಗಬಾರದಿತ್ತು ಎಂದು ಮನಸಾರೆ ನೊಂದುಕೊಂಡರು. ಆದರೆ ಕಂಪನಿಯ ಕಾಗದದ ಮೇಲೆ ಮೇಲ್ ಬಂದ್ ಇತ್ತು ಎಂದು ಬರೆದುಕೊಟ್ಟರೆ ನಾಳೆ ಎರಡು ಸಾವಿರ ಮಂದಿಯೂ ಒಂದೊಂದು ಕಾಗದ ಕೇಳಿಕೊಂಡು ಬಂದು ನಿಲ್ಲುತ್ತಾರೆ, ವಕೀಲರನ್ನು ಕೇಳಿ ಹೇಳುತ್ತೇನೆ ಎಂದರು. ವಕೀಲರು ಊರಲ್ಲಿರಲಿಲ್ಲ. ಬರುವುದು ಸೋಮವಾರವಂತೆ.

ಅಲ್ಲಿಗೆ ಉಳಿದದ್ದು ಎರಡನೇ ದಾರಿ. ಬುಧವಾರ ಜೈಭೀಮ ಕೂತು, ಆ ದಿನ ಬಂದ ಹನ್ನೆರಡು ಫೋನುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡ. ಹನ್ನೊಂದು ಮಂದಿ ಸುಮ್ಮನೆ, ಮೇಲ್ ಬರವಲ್ದು ಎಂದಿದ್ದರು. ಒಬ್ಬರು ಮಾತ್ರ, ಎಂಟೂ ಹನ್ನೆರಡರಿಂದ ಬಂದ್ ಅದ ಎಂದು ನಿಮಿಷ ಸಮೇತ ಹೇಳಿದ್ದರು. ಕಮಲಾಪುರ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ಇಟ್ಟಿರುವ ಇಕ್ಬಾಲ್ ಬೇಗಂ. ಗಡಿಯಾರ ನೋಡಿ ಮಾತಾಡುವವರು ಎಲ್ಲಾದರೂ ಬರೆದೂ ಇಟ್ಟಿರುತ್ತಾರೆ. ಜೈಭೀಮನಿಗೆ ಎಷ್ಟು ಖುಷಿಯಾಯಿತೆಂದರೆ, ಆಗಲೇ ತಂಗಿಗೆ ಫೋನ್ ಮಾಡಿ, ನಾಳೆ ಬೇಗಂ ಅವರ ಅಂಗಡಿಗೆ ಬರುತ್ತೇನೆ, ಕೆಲಸ ಆಯಿತು ಅಂತ ತಿಳಿ ಎಂದ.

ರಮಾಬಾಯಿ, ಅಲ್ಲಿಗೆ ಹೋಗಬ್ಯಾಡ ಅಣ್ಣ, ಆಕಿ ಹತ್ರ ಏನೂ ಇಲ್ಲ, ಸುಮ್ಮನ ಮನೀಗೆ ಬಾ, ಊಟ ಮಾಡಿ ಹೋಗು ಎಂದಳು. ನನ್ನ ತಂಗಿಯದು ಮೊದಲಿನಿಂದಲೂ ಸಂಕೋಚದ ಸ್ವಭಾವ ಎಂದುಕೊಂಡ ಜೈಭೀಮ. ನಾವು ಕೇಳಬೇಕೆಂದಿರುವುದನ್ನೇ ಕೇಳುವ ಕಿವಿ ಎಲ್ಲರಿಗೂ ಇರುತ್ತದೆ.

ಗುರುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಕಮಲಾಪುರದಲ್ಲಿ ಇಳಿದ. ಅಂಗಡಿ ಚಿಕ್ಕದು. ಎದುರಿನ ಕಂಬಕ್ಕೆ ಶಾಲೆಯ ಮಕ್ಕಳದಂಥ ಕರಿ ಹಲಗೆಯೊಂದನ್ನು ತೂಗುಹಾಕಿದ್ದರು. ಅದರ ಮೇಲೆ ಸೀಮೆಸುಣ್ಣದಲ್ಲಿ, ನೆಟ್ ಚಾಲೂ, ಮೇಲ್ ಚಾಲೂ, 8.05. ಬೇಗಂ ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ಕೈ ಚುರುಕು. ಗಂಡ ತೀರಿದ ಮೇಲೆ ಹದಿನಾರು ವರ್ಷದಿಂದ ಅಂಗಡಿ ನಡೆಸುತ್ತಿದ್ದಾರೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ತನಗೆ ತಾನೇ ಒಂದು ಮೇಲ್ ಕಳಿಸಿಕೊಳ್ಳುವುದು ಅವರ ರೂಢಿ. ಬಂದರೆ ಹಲಗೆಯ ಮೇಲೆ ಚಾಲೂ, ಬರದಿದ್ದರೆ ಬಂದ್. ಎರಡೆರಡು ತಾಸಿಗೆ ಮತ್ತೊಂದು ಸಲ. ನೂರಾರು ರೈತರು, ಹುಡುಗರು ಅರ್ಜಿ ಹಾಕಲು ಬರುತ್ತಾರೆ, ಆಮೇಲೆ ನೀವು ಕಳಿಸಲೇ ಇಲ್ಲ ಎಂದು ಜಗಳಕ್ಕೆ ನಿಲ್ಲುತ್ತಾರೆ, ಅದಕ್ಕೇ ಹಲಗೆಯ ಮೇಲೆ ಬರೆದದ್ದನ್ನೆಲ್ಲ ಹೊತ್ತಿನ ಸಮೇತ ಒಂದು ಪುಸ್ತಕದಲ್ಲೂ ಬರೆದು, ಆ ಹೊತ್ತಿನಲ್ಲಿ ಅಂಗಡಿಯಲ್ಲಿದ್ದವರ ಸಹಿ ಹಾಕಿಸಿಕೊಳ್ಳುತ್ತಾರಂತೆ.

ಕೇಳುತ್ತಿದ್ದ ಹಾಗೆ ಜೈಭೀಮನಿಗೆ ಆ ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು. ಅಮರನಾಥರು ಕೇಳಿದ್ದು ಇದನ್ನೇ ಅಲ್ಲವೇ? ತನ್ನ ಹೆಸರು, ಕೆಲಸ, ಬಂದ ಕಾರಣ ಎಲ್ಲ ಹೇಳಿ, ಸೋಮವಾರದ ಹಾಳೆ ತೋರಿಸಬೇಕು ಎಂದ. ಬೇಗಂ ಅವನ ಮುಖವನ್ನು ಒಂದು ಸಲ ನೋಡಿದರು.

“ರಮಾಬಾಯಿಯೋರ ಅಣ್ಣ ನೀವೇ ಏನ್ರೀ?”

ಹೌದು ಎಂದ. ಅವರು ಪುಸ್ತಕ ತೆಗೆದು ಹಾಳೆ ತಿರುವಿ ಅವನ ಮುಂದಿಟ್ಟರು.

ಸೋಮವಾರ, 8.20. ಮೇಲ್ ಬಂದ್, 8.12 ರಿಂದ. ಬೇಗಂ ಅವರ ದುಂಡನೆಯ ಅಕ್ಷರ. ಆ ಸಾಲಿನ ಮೇಲೆ ಒಂದು ಗೆರೆ ಎಳೆದಿತ್ತು. ಅದರ ಕೆಳಗೆ ಬೇರೆ ಕೈ: 8.40. ಮೇಲ್ ಚಾಲೂ ಇದೆ. ಕಂಪನಿಯವರ ಪುಟ ನೋಡಿದೆ. ಅದರ ಮುಂದೆ ಸಹಿ. ಜೈಭೀಮ ಆ ಸಹಿಯನ್ನು ತಂಗಿಯ ಎಸ್ಸೆಸ್ಸೆಲ್ಸಿಯ ಕಾಲದಿಂದ ಬಲ್ಲ. ಮೊದಲ ಅಕ್ಷರ ದೊಡ್ಡದು ಬರೆ, ಆಗ ಸಹಿಗೆ ಒಂದು ಕಳೆ ಬರ್ತದ ಎಂದು ಕೈ ಹಿಡಿದು ಕಲಿಸಿದವನು ಅವನೇ.

ನಡೆದದ್ದನ್ನು ಬೇಗಂ ತಾವೇ ಹೇಳಿದರು. ಆ ದಿನ ರಮಾಬಾಯಿ ಲ್ಯಾಬಿಗೆ ರಜೆ ಹಾಕಿ, ಮೇಲ್ ಬಂದ ಕೂಡಲೇ ಹೊರಡಲು ಸಿದ್ಧವಿರಬೇಕೆಂದು ಸರ್ಟಿಫಿಕೇಟುಗಳ ಜೆರಾಕ್ಸ್ ಮಾಡಿಸಲು ಬಂದಿದ್ದಳು. ಹಲಗೆ ನೋಡಿ ಮೊದಲು ಗಾಬರಿಯಾದಳು. ಗಾಬರಿಯಾಗಬ್ಯಾಡ್ರಿ, ಒಂದು ತಾಸಿನ ಹಾದಿ, ಬಸ್ ಹಿಡಿದು ಅವರ ಕಚೇರಿಗೇ ಹೋಗಿ ಕೇಳಿಕೊಂಡು ಬರ್ರಿ ಎಂದು ಬೇಗಂ ಹೇಳಿದರು. ಒಂಬತ್ತರ ಬಸ್ಸೂ ಇತ್ತು. ಅಷ್ಟರಲ್ಲಿ ರಮಾಬಾಯಿಗೆ ಅಣ್ಣನ ಪುಟ ನೆನಪಾಯಿತು. ಮೊಬೈಲ್ ತೆಗೆದಳು. ಹಸಿರು.

“ನಿಮ್ಮ ಮಿಷಿನ್ ಖರಾಬ್ ಇರಬೇಕು, ನಮ್ಮಣ್ಣ ಸುಳ್ಳು ಬರೆಯೋನಲ್ಲ ಅಂದ್ರು ಭಾಯಿ. ಕಂಪನಿಯೋರ ಮಾತಿನ ಮುಂದ ನಂದೇನು ಅಂತ ನಾನೂ ಹಲಗಿ ಒರಸಿಬಿಟ್ಟೆ. ಅವತ್ತ ಮತ್ತ ನೋಡಲೂ ಇಲ್ಲ, ಬರೀಲೂ ಇಲ್ಲ, ಐದರ ಮ್ಯಾಲ ಗಿರಾಕಿ ಜಗಳಕ್ಕ ನಿಂತಾಗ ನಿಮಗ ಫೋನ್ ಮಾಡಿದ್ಮ್ಯಾಲೇ ಖರೇ ತಿಳೀತು.”

ಆಮೇಲೆ ಅವಳು ಮನೆಗೆ ಹೋಗಿ ಕೂತಳು. ಐದರ ತನಕ ಕಾದಳು. ಪುಟ ಹಸಿರಿದೆ, ಮೇಲ್ ಬಂದಿಲ್ಲ. ಅಂದಮೇಲೆ ಈ ಸಲವೂ ತನ್ನ ಹೆಸರು ಬಂದಿಲ್ಲ ಎಂದುಕೊಂಡಳು. ಬೇರೆ ಏನೆಂದುಕೊಳ್ಳಲು ಸಾಧ್ಯವಿತ್ತು?

ಅಂಗಡಿಗೆ ಯಾರೋ ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿಕೊಂಡು ಬಂದರು. ಬೇಗಂ ಎದ್ದು ಹೋದರು. ಜೈಭೀಮ ಆ ಹಾಳೆಯನ್ನು ನೋಡುತ್ತಲೇ ಕೂತಿದ್ದ. ತನ್ನನ್ನು ಜಗತ್ತಿನಲ್ಲಿ ಯಾರು ಎಲ್ಲರಿಗಿಂತ ಹೆಚ್ಚು ನಂಬಿದ್ದರೋ, ಆ ಒಬ್ಬಳಿಗೇ ತನ್ನ ಸುಳ್ಳು ನೇರವಾಗಿ ಹೋಗಿ ನಾಟಿತ್ತು. ನಂಬದವರೆಲ್ಲ ಫೋನ್ ಮಾಡಿದ್ದರು. ಫೋನ್ ಮಾಡಿದ ಹನ್ನೆರಡು ಮಂದಿಗೂ ಅವನು ಸಂಜೆ ಸರಿಯಾಗುತ್ತದೆ ಎಂದು ಖರೇ ಉತ್ತರವನ್ನೇ ಕೊಟ್ಟಿದ್ದ.

ಪುಸ್ತಕ ಬೇಕಾದರೆ ಒಯ್ಯಿರಿ, ಶನಿವಾರದೊಳಗೆ ಮುಟ್ಟಿಸಿ ಎಂದರು ಬೇಗಂ. ಅವನು ಅದನ್ನು ಬಗಲಲ್ಲಿಟ್ಟುಕೊಂಡು ತಂಗಿಯ ಮನೆಗೆ ನಡೆದ. ಅವನು ಬರುತ್ತಾನೆಂದು ಆ ದಿನವೂ ಲ್ಯಾಬಿಗೆ ರಜೆ ಹಾಕಿದ್ದ ರಮಾಬಾಯಿ ಅವನನ್ನೂ ನೋಡಿದಳು, ಪುಸ್ತಕವನ್ನೂ ನೋಡಿದಳು, ಕೈಕಾಲು ತೊಳೆಯಲು ನೀರು ತಂದಿಟ್ಟಳು. ಗುಂಡಮ್ಮ ಒಳಗಿನಿಂದ ಯಾರು ಬಂದರು ಎಂದು ಕೇಳಿದರು. ರೊಟ್ಟಿ, ಪುಂಡಿಪಲ್ಯೆ ಬಡಿಸಿದ ಮೇಲೆ, ತಟ್ಟೆಯಿಂದ ತಲೆ ಎತ್ತದೆಯೇ ಜೈಭೀಮ ಕೇಳಿದ.

“ಯಾಕ ಮೊದಲೇ ಹೇಳಲಿಲ್ಲ?”

“ಏನಂತ ಹೇಳ್ಲಿ ಅಣ್ಣಾ? ನಿನ್ನ ನಂಬಿ ಸಹಿ ಮಾಡಿ ಕೆಟ್ಟೆ ಅಂತ ಹೇಳ್ಲಾ? ಮೊದಲೇ ಮೂರು ದಿನದಿಂದ ಕೂಳು ಬಿಟ್ಟಂಗ ಕಾಣಾಕತ್ತಿ.”

ಅಷ್ಟು ಹೇಳಿ ಇನ್ನೊಂದು ರೊಟ್ಟಿ ಹಾಕಿದಳು. ಪುಸ್ತಕ ಅಧಿಕಾರಿಗೆ ಕೊಡಲೋ ಬೇಡವೋ ಎಂದು ಅವನು ಕೇಳಿದ. ಕೊಡು ಎಂದಳು. ಮೇಲಿನ ಸಾಲೂ ಖರೇ, ಕೆಳಗಿನ ಸಹಿಯೂ ಖರೇ, ಅವರು ಎರಡನ್ನೂ ಓದಲಿ ಎಂದಳು.

ಶುಕ್ರವಾರ ಅಮರನಾಥರು ಎರಡನ್ನೂ ಓದಿದರು. ಅದರ ಜೊತೆಗೆ, ದಿನಾ ಬೆಳಗ್ಗೆ ನೋಡದೆಯೇ ಹಸಿರು ಒತ್ತುವುದು ನನ್ನ ರೂಢಿ, ಸೋಮವಾರವೂ ಹಾಗೇ ಒತ್ತಿದೆ ಎಂದು ಜೈಭೀಮ ಕೈಬರಹದಲ್ಲಿ ಬರೆದುಕೊಟ್ಟ ಕಾಗದವನ್ನೂ ಓದಿದರು. ಮೇಲ್ ಬಂದ್ ಇತ್ತೆಂದು ತನಗೆ ಈಗ ನಂಬಿಕೆ ಬಂದಿದೆ ಎಂದರು. ಆದರೆ ಅರ್ಜಿದಾರರೇ ಆ ದಿನ ಬೆಳಗ್ಗೆ ಮೇಲ್ ಚಾಲೂ ಇದೆ ಎಂದು ಬರೆದು ಸಹಿ ಮಾಡಿರುವಾಗ, ಪಟ್ಟಿಯಲ್ಲಿ ಎರಡನೆಯವರು ತಕರಾರು ತೆಗೆದರೆ ತಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದರು. ಅದೂ ನ್ಯಾಯವೇ. ಜಾಗ ಎರಡನೆಯವರಿಗೆ ಹೋಯಿತು.

ಆ ಸಂಜೆ ಜೈಭೀಮ ಯಾರನ್ನೂ ಕೇಳಲಿಲ್ಲ. ಪುಟ ತೆರೆದು, ಹಿಂದಿನ ಸೋಮವಾರದ ಇಮೇಲ್ ಚುಕ್ಕೆಯನ್ನು ಕೆಂಪು ಮಾಡಿದ. ಬೆಳಗ್ಗೆ 8.12 ರಿಂದ ಸಂಜೆ 6.30 ರ ತನಕ ಬಂದ್, ಆ ದಿನ ಇಲ್ಲಿ ತಪ್ಪು ಬರೆದವನು ಜೈಭೀಮ ಎಂದು ಪಕ್ಕದಲ್ಲಿ ಹಾಕಿದ. ಚಹಾ ಕುಡಿಯುತ್ತಾ ಒತ್ತುವುದು ನಿಂತಿತು. ಬೆಳಗ್ಗೆ ಏಳೂವರೆಗೇ ಆಫೀಸಿಗೆ ಬಂದು, ತನಗೆ ತಾನೇ ಒಂದು ಮೇಲ್ ಕಳಿಸಿ, ಬಂದ ಮೇಲೆ ಹಸಿರು, ಬರದಿದ್ದರೆ ಕೆಂಪು. ಇವತ್ತೋ ನಾಳೆಯೋ ಕೆಲಸ ಹೋಗುತ್ತದೆ ಎಂದು ಕಾದ. ಎರಡು ತಿಂಗಳಲ್ಲಿ ಪುಟ ಐದು ಸಲ ಕೆಂಪಾಯಿತು. ಸಾವಕಾರರು ಏನೂ ಅನ್ನಲಿಲ್ಲ, ಏಕೆಂದರೆ ಅವರು ಆ ಪುಟವನ್ನು ಎಂದೂ ತೆರೆದು ನೋಡಿದವರೇ ಅಲ್ಲ. ಗಿರಾಕಿಗಳು ಬಿಟ್ಟುಹೋಗಲಿಲ್ಲ. ಕೋಟನೂರಿನ ಹೋಟೆಲಿನವನೊಬ್ಬ ಫೋನ್ ಮಾಡಿ, ಎಷ್ಟೊತ್ತಿಗೆ ಸರಿ ಆಗ್ತದ ಅಂತ ಬರದೀರಲ್ಲ, ಚಲೋ ಆತು ನೋಡ್ರಿ ಎಂದ. ಇಷ್ಟಕ್ಕೆ ಎರಡು ವರ್ಷ ಅಂಜಿಕೊಂಡು ಕೂತಿದ್ದೆನಲ್ಲ ಎಂದು ಜೈಭೀಮ ತನ್ನನ್ನು ತಾನೇ ಬೈದುಕೊಂಡ.

ದಸರೆಗೆ ಮುಂಚೆ ಒಂದು ದಿನ, ಕಮಲಾಪುರದ ಕಡೆ ತಂತಿ ಕೆಲಸಕ್ಕೆಂದು ಬೆಳಗಿನ ಮೊದಲ ಬಸ್ಸಿಗೆ ಹೋಗಿದ್ದ. ಏಳಕ್ಕೆ ಹತ್ತು ನಿಮಿಷವಿತ್ತು. ಬಸ್ ಸ್ಟ್ಯಾಂಡಿನಲ್ಲಿ ರಮಾಬಾಯಿ, ಕೈಯಲ್ಲಿ ಊಟದ ಡಬ್ಬಿ, ಕಲಬುರಗಿಯ ಬಸ್ಸಿಗೆ ನಿಂತಿದ್ದಳು. ಅಣ್ಣನನ್ನು ಕಂಡು ಮುಖ ಅರಳಿತು. ಮಗಳ ಪರೀಕ್ಷೆ, ಅತ್ತೆಯ ಕಣ್ಣಿನ ಆಪರೇಷನ್ನು ಎಂದು ಮಾತಾಡಿದಳು. ಬೇರೊಂದು ಕಡೆ ಅರ್ಜಿ ಹಾಕಿದ್ದೇನೆ, ವಯಸ್ಸಿನ ಮಿತಿ ಇಲ್ಲವಂತೆ, ಸಂಬಳ ಮಾತ್ರ ಕಮ್ಮಿ, ಮೇಲ್ ಬರಬೇಕು ಎಂದಳು. ಈ ಸಲ ತಾನೇ ಮೊದಲು ಹೇಳಿದಳಲ್ಲ ಎಂದು ಜೈಭೀಮ ಹಿಗ್ಗಿದ. ಪುಟವನ್ನು ಈಗ ಹೇಗೆ ಬರೆಯುತ್ತೇನೆ, ಹೇಗೆ ದಿನಾ ಪರೀಕ್ಷೆ ಮಾಡುತ್ತೇನೆ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಈಗ ಕಣ್ಣು ಮುಚ್ಚಿ ನಂಬಬಹುದು ಎಂದ. ಅವಳು ಕಿವಿಗೊಟ್ಟು ಕೇಳಿದಳು, ಚಲೋ ಮಾಡಿದಿ ಅಣ್ಣ ಎಂದಳು. ಬಸ್ಸು ಬಂತು.

ಹತ್ತುವ ಮೊದಲು ಅವಳು ರಸ್ತೆಯಾಚೆ ತಿರುಗಿದಳು. ಬೇಗಂ ಅವರ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಕಂಡಕ್ಟರು ಸೀಟಿ ಊದಿದ. ಅವಳು ಕಿಟಕಿಯ ಪಕ್ಕ ಕೂತು, ಅಣ್ಣನ ಕೈ ಮುಟ್ಟಿ, ಒಂಚೂರೂ ಕಹಿಯಿಲ್ಲದೆ ಹೇಳಿದಳು.

“ಎಂಟಕ್ಕ ಬೇಗಂ ಬರ್ತಾರ. ಮೇಲ್ ಚಾಲೂ ಅದನೋ ಇಲ್ಲೋ ಅವರನ್ನ ಕೇಳಿ ನನಗೊಂದು ಫೋನ್ ಮಾಡು ಅಣ್ಣಾ.”

ಬಸ್ಸು ಹೋಯಿತು. ಅವಳು ಕೆನ್ನೆಗೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಜೈಭೀಮ ರಸ್ತೆ ದಾಟಿ, ಮುಚ್ಚಿದ ಅಂಗಡಿಯ ಎದುರು ಎಂಟಾಗುವುದನ್ನು ಕಾಯುತ್ತಾ ನಿಂತ.